ವಿಂಡೋಸೋ ಲಿನಕ್ಸೋ? ಮೊದಲು ಪ್ರಿಂಟರ್ ತಿರುಗಿಸಿ ನೋಡಿ

ಆಳಂದ ತಾಲ್ಲೂಕಿನ ಒಂದು ಪ್ರೌಢಶಾಲೆ. ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರ್, ಅದರಲ್ಲಿ ನಡೆಯುವವು ಏಳು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ (ಭದ್ರತೆಯ ಅಪ್‌ಡೇಟುಗಳು) ನಿಂತಿತಲ್ಲ, ಅದಾಗಿ ಸ್ವಲ್ಪ ದಿನಕ್ಕೆ ಅಲ್ಲಿನ ಹೆಡ್‌ಮಾಸ್ತರರ ಫೋನ್ ಬಂತು. "ಎಲ್ಲಾ ಹೊಸಾವ ತರಬೇಕೇನ್ರಿ? ಇಲ್ಲಾ ಆ ಲಿನಕ್ಸ್ ಹಾಕಿದ್ರ ನಡೀತದಾ?"

ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ತಂತ್ರಾಂಶ, ಅದರಲ್ಲಿ ಬಗೆಬಗೆಯವು ಇವೆ. ಪೆನ್‌ಡ್ರೈವ್ ಹಿಡಿದುಕೊಂಡು ಹೋದೆ. ಏಳಕ್ಕೆ ಏಳೂ ಲಿನಕ್ಸಿನಲ್ಲಿ ಎದ್ದವು. ಸತ್ತಿವೆ ಅಂತ ಮೂಲೆಗಿಟ್ಟಿದ್ದ ನಾಲ್ಕರಲ್ಲಿ ಎರಡಕ್ಕೆ ರ‍್ಯಾಮ್ ಬಿಚ್ಚಿ, ಧೂಳು ಒರೆಸಿ, ಮತ್ತೆ ಕೂಡಿಸಿದೆ. ಅವೂ ಎದ್ದವು. ನಮ್ಮ ಕಡೆ ಧೂಳು ಗೊತ್ತಲ್ಲ. ಊಟದ ಹೊತ್ತಿಗೆ ಕೆಲಸ ಮುಗಿಯಿತು ಅಂದುಕೊಂಡೆ. ಆಗ ಗುಮಾಸ್ತರು ಬಂದು, "ಒಂದು ಟಿ.ಸಿ. ಪ್ರಿಂಟ್ ತೆಗೀರಿ, ನೋಡೋಣ" ಅಂದರು. ಸಂಜೆ ಐದಾದರೂ ಪ್ರಿಂಟ್ ಬರಲಿಲ್ಲ.

ಅವತ್ತು ಕಲಬುರಗಿ ಬಸ್ಸಿನಲ್ಲಿ ಕೂತು ಯೋಚಿಸಿದ್ದು ಇಷ್ಟೇ. ಯಾವ ಲಿನಕ್ಸ್ ಒಳ್ಳೆಯದು ಅಂತ ನಾವು ಜಾಸ್ತಿ ಜಗಳ ಆಡುತ್ತೇವೆ. ಕಂಪ್ಯೂಟರಿನ ಹಿಂದೆ ವೈರಿನಲ್ಲಿ ಏನೇನು ನೇತಾಡುತ್ತಿದೆ ಅಂತ ಕೇಳುವುದೇ ಇಲ್ಲ. ಸರ್ಕಾರದ ನೀತಿಗಳನ್ನು ಓದಿದರೂ ಇದೇ ಕಥೆ. ತಂತ್ರಾಂಶದ ಬಗ್ಗೆ ಚೆಂದದ ಮಾತಿದೆ. ಆದರೆ ಅದು ನಡೆಯುತ್ತದೋ ಇಲ್ಲವೋ ಎಂದು ತೀರ್ಮಾನ ಆಗುವುದು ಯಂತ್ರ ಕೊಳ್ಳುವ ಪಟ್ಟಿಯಲ್ಲಿ.

ನೀತಿ ಏನು ಹೇಳುತ್ತದೆ

ಮೊದಲೇ ಒಂದು ಮಾತು. ಮುಕ್ತ ತಂತ್ರಾಂಶ ಅಂದರೆ ಫುಕ್ಕಟೆ ತಂತ್ರಾಂಶ ಅಲ್ಲ. ಬಳಸಲು, ಒಳಗೆ ಏನಿದೆ ನೋಡಲು, ತಿದ್ದಲು, ಇನ್ನೊಬ್ಬರಿಗೆ ಹಂಚಲು ಹಕ್ಕು ಇರುವ ತಂತ್ರಾಂಶ. ಲಿನಕ್ಸ್ ಅಂಥದ್ದು. ಇಂಗ್ಲಿಷಿನವರು ಎರಡಕ್ಕೂ 'ಫ್ರೀ' ಅಂತ ಒಂದೇ ಶಬ್ದ ಇಟ್ಟುಕೊಂಡು ಇವತ್ತಿಗೂ ಬಿಡಿಸಿ ಹೇಳುತ್ತಾ ಕೂತಿದ್ದಾರೆ. ನಮಗೆ ಆ ಕಷ್ಟ ಇಲ್ಲ.

ಕೇಂದ್ರ ಸರ್ಕಾರ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನದಂಡಗಳ ನೀತಿ ತಂದಿತು. ಕಡತ, ದತ್ತಾಂಶ ಎಲ್ಲ ಯಾರೂ ರಾಯಧನ ಕೇಳದ ಮಾದರಿಯಲ್ಲಿ ಇರಬೇಕು ಅನ್ನುವುದು ಅದರ ತಿರುಳು. 2015ರಲ್ಲಿ ಮುಕ್ತ ಆಕರ ತಂತ್ರಾಂಶದ ನೀತಿ ಬಂತು. ಅದರ ಪ್ರಕಾರ ಸರ್ಕಾರಿ ವ್ಯವಸ್ಥೆಗಳಿಗೆ ಮುಕ್ತ ತಂತ್ರಾಂಶವೇ ಆದ್ಯತೆಯ ಆಯ್ಕೆ. ಟೆಂಡರಿನಲ್ಲಿ ಅದನ್ನೂ ಪರಿಗಣಿಸಲೇಬೇಕು. ಬಿಟ್ಟರೆ ಯಾಕೆ ಬಿಟ್ಟೆವು ಅಂತ ಸರಬರಾಜು ಮಾಡುವವರು ಕಾರಣ ಕೊಡಬೇಕು.

ಕೇಳಲು ಗಟ್ಟಿಯಾಗಿದೆ, ಅಲ್ವಾ? ಆದರೆ ಇದು ಕೇಂದ್ರದ ಕಚೇರಿಗಳಿಗೆ, ಮತ್ತು ಒಪ್ಪಿಕೊಂಡ ರಾಜ್ಯಗಳಿಗೆ. ಅವಸರ ಇದ್ದರೆ, ತಿಳಿದವರು ಸಿಗದಿದ್ದರೆ ವಿನಾಯಿತಿಯೂ ಇದೆ. 'ಆದ್ಯತೆ' ಅಂದರೆ 'ಕಡ್ಡಾಯ' ಅಲ್ಲ.

ಕೇರಳದವರು ಬೇರೆ ದಾರಿ ಹಿಡಿದರು. ಅಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ (2017ರಿಂದ ಅದರ ಹೆಸರು ಕೈಟ್) ಪಠ್ಯ, ಪರೀಕ್ಷೆ, ಶಿಕ್ಷಕರ ತರಬೇತಿ ಎಲ್ಲವನ್ನೂ ಮುಕ್ತ ತಂತ್ರಾಂಶದ ಮೇಲೆ ಕಟ್ಟಿತು. ಉಬುಂಟು ಅನ್ನುವ ಲಿನಕ್ಸನ್ನೇ ತಿದ್ದಿ ತಮ್ಮದೇ ಆವೃತ್ತಿ ಮಾಡಿ ಶಾಲೆಗಳಿಗೆ ಹಂಚುತ್ತಾರೆ. ಆ ಯೋಜನೆಗೆ ದಾರಿ ಹಾಕಿದ ಸಮಿತಿಯ ಮುಖ್ಯಸ್ಥರು ನಮ್ಮ ಉಡುಪಿ ಕಡೆಯ ಯು.ಆರ್. ರಾವ್, ಇಸ್ರೋ ಅಧ್ಯಕ್ಷರಾಗಿದ್ದವರು. ಗಂಧದ ಮರ ನಮ್ಮದು, ಪರಿಮಳ ಪಕ್ಕದ ಊರಿಗೆ. ನಮ್ಮಲ್ಲೂ ಶಿಕ್ಷಣ ಇಲಾಖೆಯ ತರಬೇತಿ ಸಂಸ್ಥೆ ಡಿಎಸ್‌ಇಆರ್‌ಟಿ ವಿಷಯ ಶಿಕ್ಷಕರ ವೇದಿಕೆಯಲ್ಲಿ ಮೇಷ್ಟ್ರುಗಳಿಗೆ ಉಬುಂಟು ಕಲಿಸಿತ್ತು. ಅಲ್ಲಿ ಕಲಿತವರು ಇವತ್ತಿಗೂ ಜಿಯೋಜೀಬ್ರ ಅನ್ನುವ ಗಣಿತದ ತಂತ್ರಾಂಶದಲ್ಲಿ ಆಕೃತಿ ಬಿಡಿಸುತ್ತಾ ರೇಖಾಗಣಿತ ಹೇಳುವುದನ್ನು ನೋಡಿದ್ದೇನೆ.

ಇನ್ನು ಆಯ್ಕೆಗಳು

ವಿಂಡೋಸಿನಲ್ಲೇ ಉಳಿಯುವುದು ಒಂದು ದಾರಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, 4 ಜಿಬಿ ರ‍್ಯಾಮ್ ಬೇಕು, 64 ಜಿಬಿ ಜಾಗ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಮತ್ತು ಅದರ ನಂತರದ್ದು ಬೇಕು. ನಮ್ಮ ಹಳ್ಳಿ ಶಾಲೆಗಳಲ್ಲಿ ನಾನು ನೋಡಿದ ಬಹಳಷ್ಟು ಯಂತ್ರಗಳು 3ನೇ, 4ನೇ ತಲೆಮಾರಿನವು. ಅಡ್ಡದಾರಿಯಲ್ಲಿ 11 ಹಾಕಿಕೊಡುವ ಹುಡುಗರು ಇದ್ದಾರೆ. ಮನೆಗೆ ಹಾಕಿಸಿಕೊಳ್ಳಿ, ನಿಮ್ಮಿಷ್ಟ. ಸರ್ಕಾರಿ ದಾಖಲೆ ಇರುವ ಯಂತ್ರಕ್ಕೆ ಬೇಡ. ಲೈಸೆನ್ಸ್ ಇಲ್ಲದ ಪ್ರತಿಯಂತೂ ಬೇಡವೇ ಬೇಡ. ಅದು ಫುಕ್ಕಟೆಯೂ ಅಲ್ಲ, ಮುಕ್ತವೂ ಅಲ್ಲ, ಕದ್ದದ್ದು.

ಎರಡನೆಯದು ಉಬುಂಟು, ಮಿಂಟ್, ಡೆಬಿಯನ್ ಬಳಗ. ಹಳೆ ಯಂತ್ರಕ್ಕೆ ನನ್ನ ಮೊದಲ ಆಯ್ಕೆ ಮಿಂಟಿನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ. ಕೆಳಗೆ ಪಟ್ಟಿ, ಎಡಕ್ಕೆ ಮೆನು, ವಿಂಡೋಸ್ ಕಂಡವರಿಗೆ ಕೈ ತಡವರಿಸುವುದಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಆರಾಮ. ಉಬುಂಟು 24.04 ಮತ್ತು ಅದರ ಮೇಲೆ ಕಟ್ಟಿದ ಮಿಂಟ್ 22, ಎರಡಕ್ಕೂ 2029ರವರೆಗೆ ಬೆಂಬಲ ಇದೆ. ಇನ್ನೂ ಹಳೆಯ 32 ಬಿಟ್ ಯಂತ್ರವಾದರೆ ಎಚ್ಚರ. ಡೆಬಿಯನ್ 13 ಅಂಥವಕ್ಕೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿತು, 12ರಲ್ಲಿ ಇನ್ನೂ ಇತ್ತು. ಅಂಥ ಯಂತ್ರಕ್ಕೆ ದುಡ್ಡು ಸುರಿಯಬೇಡಿ ಅನ್ನುವುದು ನನ್ನ ಮಾತು.

ಮೂರನೆಯದು ಬಾಸ್. ಭಾರತ್ ಆಪರೇಟಿಂಗ್ ಸಿಸ್ಟಮ್ ಸೊಲ್ಯೂಷನ್ಸ್. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡಾಕ್‌ನ ಚೆನ್ನೈ ಕೇಂದ್ರ ಡೆಬಿಯನ್ ಮೇಲೆ ಕಟ್ಟಿದ್ದು, 2007ರಿಂದ ಬರುತ್ತಿದೆ. ಭಾರತೀಯ ಭಾಷೆಗಳು ಮೊದಲೇ ಜೋಡಿಸಿ ಬರುತ್ತವೆ, ಶಾಲೆಗಳಿಗೆ ಎಜುಬಾಸ್ ಅಂತ ಬೇರೆ ಆವೃತ್ತಿಯೂ ಇದೆ. ಕಚೇರಿಯಲ್ಲಿ ಇದಕ್ಕೊಂದು ಲಾಭ ಇದೆ. 'ಇದು ಸರ್ಕಾರದ್ದೇ ರೀ' ಅಂದರೆ ಮೇಲಿನವರು ಬೇಗ ಸಹಿ ಹಾಕುತ್ತಾರೆ. ಆದರೆ ತೊಂದರೆ ಬಂದಾಗ ನೆಟ್ಟಿನಲ್ಲಿ ಹುಡುಕಿದರೆ ಉಬುಂಟುವಿಗೆ ಸಿಗುವಷ್ಟು ಉತ್ತರ ಬಾಸ್‌ಗೆ ಸಿಗುವುದಿಲ್ಲ. ಒಳಗಿರುವುದು ಡೆಬಿಯನ್ನೇ ಆದ್ದರಿಂದ, ಡೆಬಿಯನ್ ಬಲ್ಲವರು ಊರಲ್ಲಿ ಒಬ್ಬರಿದ್ದರೆ ಹಾಕಿ. ಇಲ್ಲದಿದ್ದರೆ ಮಿಂಟ್.

ನಾಲ್ಕನೆಯದು ಟ್ರಿಸ್ಕೆಲ್‌ನಂಥ ಪೂರ್ತಿ ಮುಕ್ತ ಲಿನಕ್ಸ್. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಒಪ್ಪಿದ್ದು. ಇದರ ಕರ್ನಲ್ಲಿನಲ್ಲಿ (ಲಿನಕ್ಸಿನ ತಿರುಳಿನಲ್ಲಿ) ಒಂದು ಹನಿಯೂ ಮುಚ್ಚಿದ, ಅಂದರೆ ಒಳಗೆ ನೋಡಲು ಬಿಡದ, ತುಣುಕು ಇರುವುದಿಲ್ಲ. ತತ್ವಕ್ಕೆ ನನ್ನ ನಮಸ್ಕಾರ. ಆದರೆ ಬಹಳಷ್ಟು ಲ್ಯಾಪ್‌ಟಾಪುಗಳ ವೈಫೈ ಇದರಲ್ಲಿ ಏಳುವುದೇ ಇಲ್ಲ. ಯಾಕೆಂದರೆ ಆ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ (ಚಿಪ್ಪಿನೊಳಗೆ ನಡೆಯುವ ಪುಟ್ಟ ಪ್ರೋಗ್ರಾಮ್) ಮುಚ್ಚಿದ್ದು. ಎಷ್ಟೋ ವರ್ಷ ಹಟ ಹಿಡಿದಿದ್ದ ಡೆಬಿಯನ್ ಕೂಡ 2022ರಲ್ಲಿ ಮತ ಹಾಕಿ, 12ನೇ ಆವೃತ್ತಿಯಿಂದ ಅಂಥ ಫರ್ಮ್‌ವೇರನ್ನು ಇನ್‌ಸ್ಟಾಲರಿನಲ್ಲೇ ಕೊಡಲು ಶುರು ಮಾಡಿತು. ಕಾಲೇಜಿನ ಆಸಕ್ತ ಹುಡುಗರಿಗೆ ಟ್ರಿಸ್ಕೆಲ್ ಸರಿ. ಹಳ್ಳಿ ಲ್ಯಾಬಿಗೆ ಸದ್ಯ ಬೇಡ.

ವೈರಿನ ತುದಿಯಲ್ಲಿ ಏನಿದೆ

ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ್ದೇ ಪ್ರಿಂಟರ್ ಕಾಟದಿಂದ. ಅಮೆರಿಕದ ಎಂಐಟಿ ಲ್ಯಾಬಿನಲ್ಲಿ ರಿಚರ್ಡ್ ಸ್ಟಾಲ್ಮನ್ ಅವರಿಗೆ ಹೊಸ ಲೇಸರ್ ಪ್ರಿಂಟರಿನ ಪ್ರೋಗ್ರಾಮ್ ತಿದ್ದಬೇಕಿತ್ತು, ಅದರ ಆಕರ (ಸೋರ್ಸ್ ಕೋಡ್) ಕೊಡಲಿಲ್ಲ. ಆ ಸಿಟ್ಟು ಬೆಳೆದು ಬೆಳೆದು 1983ರಲ್ಲಿ ಮುಕ್ತ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಆಯಿತು. ನಲವತ್ತು ವರ್ಷ ಕಳೆದರೂ ಆಳಂದದಲ್ಲಿ ನಾನು ಪ್ರಿಂಟರ್ ಮುಂದೆಯೇ ಕೂತಿದ್ದೆ.

ಪ್ರಿಂಟರುಗಳಲ್ಲಿ ಎರಡು ಜಾತಿ. ಕೆಲವಕ್ಕೆ ಸ್ವಂತ ಬುದ್ಧಿ ಇರುತ್ತದೆ. ಪುಟ ಕಳಿಸಿದರೆ ತಾವೇ ಓದಿಕೊಂಡು ಮುದ್ರಿಸುತ್ತವೆ. ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್, ಏರ್‌ಪ್ರಿಂಟ್, ಐಪಿಪಿ ಎವ್ರಿವೇರ್ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಈ ಜಾತಿ. ಲಿನಕ್ಸಿಗೆ ಇವು ಸಲೀಸು, ಈಚಿನವಕ್ಕೆ ಡ್ರೈವರೇ (ಯಂತ್ರವನ್ನು ಮಾತಾಡಿಸುವ ಪ್ರೋಗ್ರಾಮೇ) ಬೇಡ. ಇನ್ನು ಕೆಲವು ಅಗ್ಗದ ಲೇಸರುಗಳಿಗೆ ಬುದ್ಧಿಯೆಲ್ಲ ಕಂಪ್ಯೂಟರಿನಿಂದ ಹೋಗಬೇಕು. ಕಂಪನಿಯ ಗುಟ್ಟಿನ ಭಾಷೆಯಲ್ಲಿ ಹೋಗಬೇಕು. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಮಾಮೂಲಿ ಕಾಣುವ ಕ್ಯಾನನ್ ಎಲ್‌ಬಿಪಿ2900 ಈ ಬಗೆಯದು. ಗಟ್ಟಿ ಯಂತ್ರ, ಟೋನರ್ ಅಗ್ಗ, ವಿಂಡೋಸಿನಲ್ಲಿ ಚಿನ್ನ. ಆದರೆ ಅದರ ಕ್ಯಾಪ್ಟ್ ಭಾಷೆಗೆ ಲಿನಕ್ಸಿನಲ್ಲಿ ಇರುವುದು ಕಂಪನಿಯ ಹಳೆಯ ಡ್ರೈವರ್, ಅಥವಾ ಆಸಕ್ತರು ಬಿಡಿಸಿ ಬರೆದ ಡ್ರೈವರ್. ಎಚ್‌ಪಿ ಲೇಸರ್‌ಜೆಟ್ 1020 ಕೂಡ ಹಾಗೇ. ಅದಕ್ಕೆ ಎಚ್‌ಪಿಯ ಲಿನಕ್ಸ್ ಡ್ರೈವರ್ ಎಚ್‌ಪ್ಲಿಪ್ ಜೊತೆಗೆ ಮುಚ್ಚಿದ ಪ್ಲಗಿನ್ ಬೇಕು. ಪವರ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನಿಂದ ಫರ್ಮ್‌ವೇರ್ ಮತ್ತೆ ಹೋಗಬೇಕು. ಸರಿಯಾಗಿ ಹೊಂದಿಸಿದ್ದರೆ ಅದು ತಾನಾಗೇ ನಡೆಯುತ್ತದೆ. ಹೊಂದಿಸದಿದ್ದರೆ, ಏಪ್ರಿಲ್ ತಿಂಗಳಲ್ಲಿ ನಮ್ಮೂರ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೋ ಅಷ್ಟು ಸಲ ನಿಮಗೆ ಕೆಲಸ.

ವೈಫೈನಲ್ಲಿ ಮೋಸ ಇನ್ನೂ ಸಣ್ಣ ಅಕ್ಷರದ್ದು. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಅಂತ ಒಂದು ಯುಎಸ್‌ಬಿ ಕಡ್ಡಿ ಇದೆ. ಅದರ ಮೊದಲ ಆವೃತ್ತಿಯಲ್ಲಿ ಎಥರಾಸ್ ಎಆರ್9271 ಚಿಪ್ ಇತ್ತು. ಅದರ ಫರ್ಮ್‌ವೇರ್ ಕೂಡ ಮುಕ್ತ, ಟ್ರಿಸ್ಕೆಲ್‌ನಲ್ಲೂ ನಡೆಯುತ್ತದೆ. ಎರಡನೇ ಆವೃತ್ತಿಯಿಂದ ಒಳಗೆ ರಿಯಲ್‌ಟೆಕ್ ಬಂತು. ಹೆಸರು ಅದೇ, ಮೈಯೂ ಹೆಚ್ಚುಕಡಿಮೆ ಅದೇ. ಬೇರೆ ಆಗಿದ್ದು ಲೇಬಲ್ಲಿನ ಒಂದು ಅಂಕಿ ಮಾತ್ರ. ಅದಕ್ಕೇ ಮಾಡೆಲ್ ಹೆಸರು ನಂಬಬೇಡಿ, ಚಿಪ್ಪಿನ ಹೆಸರು ಕೇಳಿ. ಯಂತ್ರಕ್ಕೆ ಸಿಕ್ಕಿಸಿ ಟರ್ಮಿನಲ್ಲಿನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ) lsusb ಅಂತ ಹೊಡೆದರೆ ಚಿಪ್ಪಿನ ಗುರುತು ಬರುತ್ತದೆ. ಯಾವ ಯಂತ್ರ ಮುಕ್ತ ತಂತ್ರಾಂಶದಲ್ಲಿ ನಡೆಯುತ್ತದೆ ಅಂತ ಜನ ಸೇರಿಸಿದ ಎಚ್-ನೋಡ್ ಪಟ್ಟಿಯೂ ಇದೆ. ಲ್ಯಾಬಿಗಾದರೆ ಸುಮ್ನೆ ಲ್ಯಾನ್ ಕೇಬಲ್ ಎಳೆಯಿರಿ. ತಲೆನೋವು ಅರ್ಧ ಕಡಿಮೆ.

ಡಿಜಿಟಲ್ ಸಹಿಯ ಟೋಕನ್ (ಸಹಿ ಇಟ್ಟುಕೊಂಡ ಯುಎಸ್‌ಬಿ ಕಡ್ಡಿ) ಬಗ್ಗೆ ಬಹಳ ಜನ ಹೆದರಿಸುತ್ತಾರೆ. ಇಪಾಸ್2003 ಟೋಕನ್ನನ್ನು ಮುಕ್ತ ತಂತ್ರಾಂಶವಾದ ಓಪನ್‌ಎಸ್‌ಸಿ ಗುರುತಿಸುತ್ತದೆ. ಟೋಕನ್ ಓದುವುದು ಕಷ್ಟ ಅಲ್ಲ. ಕೈಕೊಡುವುದು ಪೋರ್ಟಲ್. ಸಹಿ ಹಾಕಿಸುವ ಚಿಕ್ಕ ಪ್ರೋಗ್ರಾಮನ್ನು ವಿಂಡೋಸಿಗೆ ಮಾತ್ರ ಬರೆದಿದ್ದರೆ, ಟೋಕನ್ ಎಷ್ಟು ಮುಕ್ತವಾಗಿದ್ದರೂ ಅಷ್ಟೇ. ನಿಮ್ಮ ಕಚೇರಿ ದಿನವೂ ತೆರೆಯುವ ಪೋರ್ಟಲ್ಲುಗಳನ್ನು ಪಟ್ಟಿ ಮಾಡಿ, ಒಂದೊಂದನ್ನೂ ಲಿನಕ್ಸಿನಲ್ಲಿ ಸಹಿವರೆಗೆ ನಡೆಸಿ ನೋಡಿ. 2010ರ ನೀತಿ ನಿಜವಾಗಿ ಕೆಲಸಕ್ಕೆ ಬರಬೇಕಾದ ಜಾಗ ಇದು. ಮಾನದಂಡ ಮುಕ್ತವಾಗಿದ್ದರೆ ಯಾವ ಯಂತ್ರದಿಂದಲಾದರೂ ಸಹಿ ಆಗಬೇಕು.

ಆಧಾರ್ ಬೆರಳಚ್ಚು ಯಂತ್ರದ ವಿಷಯದಲ್ಲಿ ನಾನು ವಾದಕ್ಕೇ ಇಳಿಯುವುದಿಲ್ಲ. ಅದಕ್ಕೆ ಆರ್‌ಡಿ ಸರ್ವಿಸ್ ಅನ್ನುವ ಪ್ರೋಗ್ರಾಮ್ ಬೇಕು. ಬೆರಳಚ್ಚನ್ನು ಹಿಡಿದ ಕೂಡಲೇ ಗುಪ್ತವಾಗಿ ಮುಚ್ಚಿ, ಯಂತ್ರದ ಗುರುತು ಸೇರಿಸಿ ಕಳಿಸುವುದು ಅದರ ಕೆಲಸ. ಭದ್ರತೆಗಾಗಿಯೇ ಮುಚ್ಚಿಟ್ಟಿದ್ದು. ಹೆಚ್ಚಾಗಿ ಸಿಗುವುದು ವಿಂಡೋಸಿಗೆ ಮತ್ತು ಆಂಡ್ರಾಯ್ಡಿಗೆ. ಗ್ರಾಮ ಒನ್ ನಡೆಸುವವರು ನನ್ನ ಮಾತು ಕೇಳಿ ಲಿನಕ್ಸ್ ಹಾಕಿಕೊಂಡು ಮುಂದಿನ ಸೋಮವಾರ ಬೈಯುವುದು ಬೇಡ.

ಇದಕ್ಕೆ ಉಲ್ಟಾ ಉದಾಹರಣೆ ನಮ್ಮ ಬೇಳೆ ಮಿಲ್ಲಿನದು. ತೊಗರಿ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಹಿಂದೆ ಒಂದು ಸೀರಿಯಲ್ ಪೋರ್ಟ್ ಇರುತ್ತದೆ, ಆರ್‌ಎಸ್-232. ಸಾಮಾನ್ಯವಾಗಿ ತೂಕವನ್ನು ಬರೀ ಅಂಕಿಯಾಗಿ ಸಾಲು ಸಾಲು ಕಳಿಸುತ್ತದೆ. ಗುಟ್ಟಿಲ್ಲ, ಲೈಸೆನ್ಸಿಲ್ಲ. ಸಿಎಚ್340 ಚಿಪ್ಪಿನ ಅಗ್ಗದ ಯುಎಸ್‌ಬಿ ವೈರ್ ಹಾಕಿದರೆ ಲಿನಕ್ಸ್ ತಾನೇ ಗುರುತಿಸುತ್ತದೆ, ಡ್ರೈವರ್ ಕರ್ನಲ್ಲಿನಲ್ಲೇ ಇದೆ. ಅರವತ್ತು ವರ್ಷದ ಹಿಂದಿನ ಮಾನದಂಡ ಇವತ್ತಿಗೂ ನಡೆಯುತ್ತಿದೆ. ಐದು ವರ್ಷದ ಹಿಂದಿನ ಪ್ರಿಂಟರ್ ನಡೆಯುವುದಿಲ್ಲ. ಹಾಗಂತ ಮಿಲ್ಲಿನವರಿಗೆ ಲಿನಕ್ಸ್ ಹಾಕಿ ಅನ್ನಲಾರೆ. ಅವರ ಲೆಕ್ಕವೆಲ್ಲ ಟ್ಯಾಲಿ ತಂತ್ರಾಂಶದಲ್ಲಿದೆ, ಟ್ಯಾಲಿ ವಿಂಡೋಸಿನದು.

ಕನ್ನಡ

ಇಲ್ಲಿ ಎರಡು ಕಥೆ ಇದೆ. ಹೊಸದಾಗಿ ಟೈಪ್ ಮಾಡುವವರಿಗೆ ಲಿನಕ್ಸ್ ಪೂರ್ತಿ ಸಲೀಸು. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕಗಪ ವಿನ್ಯಾಸ ಇದೆ. ಅದೇ ಕೆ.ಪಿ. ರಾವ್ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಹೊಡೆದ ಬೆರಳಿಗೆ ಹೊಸದಾಗಿ ಏನೂ ಕಲಿಯಬೇಕಿಲ್ಲ. ಗುಬ್ಬಿ, ನವಿಲು, ಲೋಹಿತ್, ನೋಟೋ ಫಾಂಟುಗಳು ಸಿಗುತ್ತವೆ. ಪತ್ರ, ಲೆಕ್ಕದ ಹಾಳೆ ಮಾಡುವ ಲಿಬ್ರೆಆಫೀಸ್ ಮೆನುಗಳೇ ಕನ್ನಡದಲ್ಲಿ ಬರುತ್ತವೆ. ಅದರ ಓಡಿಎಫ್ ಕಡತ 2006ರಿಂದ ಐಎಸ್ಒ ಮಾನದಂಡ.

ಹಳೆ ಕಡತಗಳದ್ದೇ ರಗಳೆ. ಹಳೆ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಸ. ಯಾವ ಯಂತ್ರದಲ್ಲೂ ಕನ್ನಡ ಕನ್ನಡವಾಗೇ ಕಾಣುವ ಯುನಿಕೋಡನ್ನು ಕರ್ನಾಟಕ ಸರ್ಕಾರ 2012ರಲ್ಲೇ ಶಿಷ್ಟತೆಯಾಗಿ ಒಪ್ಪಿತು. ಆದರೂ ಪಂಚಾಯಿತಿ ನಡಾವಳಿಗಳು ಇವತ್ತಿಗೂ ಹಳೆ ನುಡಿಯಲ್ಲೇ ಬರುವುದನ್ನು ನೋಡುತ್ತೇನೆ. ಲಿನಕ್ಸಿಗೆ ಹೋಗುವ ಮುಂಚೆ ಹಳೆ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತನ್ನಿ. ಒತ್ತಕ್ಷರ, ಅರ್ಕಾವತ್ತು ಒಂದೆರಡು ಕಡೆ ತಪ್ಪುತ್ತವೆ, ಕಣ್ಣಾಡಿಸಿ. ಈ ಕೆಲಸ ವಿಂಡೋಸಿನಲ್ಲೇ ಉಳಿಯುವವರೂ ಮಾಡಲೇಬೇಕಾದದ್ದು.

ಮದುವೆ ಕಾರ್ಡಿನ ಡಿಟಿಪಿ ಅಂಗಡಿಗೆ ಮಾತ್ರ ನನ್ನ ಉತ್ತರ ಬೇರೆ. ಪುಟ ಜೋಡಿಸುವ ಮುಕ್ತ ತಂತ್ರಾಂಶ ಸ್ಕ್ರೈಬಸ್ 1.6ರಲ್ಲಿ ಕನ್ನಡ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಕೂಡ ಚೆನ್ನಾಗಿದೆ. ಆದರೆ ಅವರ ಹತ್ತು ವರ್ಷದ ಡಿಸೈನ್ ಎಲ್ಲ ಕೋರೆಲ್ ಮತ್ತು ಪೇಜ್‌ಮೇಕರ್‌ನಲ್ಲಿದೆ. ಲಗ್ನದ ಸೀಸನ್ನಿನಲ್ಲಿ ಪ್ರಯೋಗ ಮಾಡುವುದು ಬೇಡ.

ಹಾಗಾದರೆ ಯಾರಿಗೆ ಯಾವುದು? ಶಾಲೆಯ ಲ್ಯಾಬ್, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ: ಕಣ್ಣು ಮುಚ್ಚಿ ಲಿನಕ್ಸ್. ಮಕ್ಕಳು ಓದುವುದು, ಬರೆಯುವುದು, ಜಿಯೋಜೀಬ್ರ, ನಕ್ಷತ್ರ ತೋರಿಸುವ ಸ್ಟೆಲೇರಿಯಂ, ಚಿತ್ರ ಬಿಡಿಸುವ ಟಕ್ಸ್‌ಪೇಂಟ್. ಇದ್ಯಾವುದಕ್ಕೂ ಟೋಕನ್ ಬೇಡ, ಬೆರಳಚ್ಚು ಬೇಡ. ಪಂಚಾಯಿತಿ ಕಚೇರಿ: ಒಂದು ಯಂತ್ರ ವಿಂಡೋಸ್ ಇರಲಿ, ಸಹಿ ಮತ್ತು ಬೆರಳಚ್ಚಿಗೆ. ಉಳಿದವು ಲಿನಕ್ಸ್. ಸೇವಾ ಕೇಂದ್ರ, ಮಿಲ್ಲು, ಡಿಟಿಪಿ: ಸದ್ಯಕ್ಕೆ ವಿಂಡೋಸ್, ಲೈಸೆನ್ಸ್ ಕೊಂಡು.

ಹಾರ್ಡ್‌ವೇರೇ ಮುಕ್ತವಾಗಿರಬೇಕು ಅಂದರೆ

ಮಕ್ಕಳು ಯಂತ್ರ ಮಾಡಿ ಕಲಿಯಲು ಕೇಂದ್ರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕ ಶಾಲೆಗಳು ಈ ಪ್ರಶ್ನೆ ಕೇಳುತ್ತವೆ. ಅದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ ಇದೆ, ಸಾಮಾನು ಆರಿಸುವ ಹೊತ್ತಿಗೆ ಗಲಿಬಿಲಿ. ದೀಪ, ಮೋಟಾರು ನಡೆಸಲು ಬಳಸುವ ಆರ್ಡುಯಿನೋ ಊನೋ ಬೋರ್ಡಿನ ನಕ್ಷೆಯೇ ಬಹಿರಂಗ. ಅದಕ್ಕೇ ಅಷ್ಟು ಅಗ್ಗದ ನಕಲುಗಳು ಬಂದವು, ಅವು ಕಳ್ಳಮಾಲು ಅಲ್ಲ. ಸುಟ್ಟರೆ ಮಕ್ಕಳೇ ಬದಲಿಸಬಹುದು. ರಾಸ್ಪ್‌ಬೆರಿ ಪೈ ಒಳ್ಳೆಯ ಪುಟ್ಟ ಕಂಪ್ಯೂಟರ್, ಆದರೆ ಬೋರ್ಡ್ ಪೂರ್ತಿ ಮುಕ್ತ ಅಲ್ಲ. ಲಿನಕ್ಸ್ ನಡೆಯುತ್ತದೆ ಅಂದಕೂಡಲೇ ಹಾರ್ಡ್‌ವೇರ್ ಮುಕ್ತ ಅಂತ ಬಹಳ ಜನ ತಿಳಿಯುತ್ತಾರೆ. ಎರಡೂ ಬೇರೆ. ನಮ್ಮ ದೇಶದ್ದೇ ಬೇಕು ಅಂದರೆ ಸಿ-ಡಾಕ್‌ನ ವೇಗ ಪ್ರೊಸೆಸರ್ ಇರುವ ಏರೀಸ್ ಬೋರ್ಡ್ ಇದೆ, ರಿಸ್ಕ್-ಫೈವ್ ಅನ್ನುವ ಮುಕ್ತ ಪ್ರೊಸೆಸರ್ ಮಾನದಂಡದ ಮೇಲೆ ಕಟ್ಟಿದ್ದು. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರೂ ಅದೇ ರಿಸ್ಕ್-ಫೈವ್. 2022ರಲ್ಲಿ ಕೇಂದ್ರ ಇವಕ್ಕಾಗಿ ಡಿಐಆರ್-ವಿ ಕಾರ್ಯಕ್ರಮ ಶುರು ಮಾಡಿತು. ಎಂಜಿನಿಯರಿಂಗ್ ಕಾಲೇಜಿಗೆ ಇದು ಬಹಳ ಒಳ್ಳೆಯ ಆಯ್ಕೆ. ಎಂಟನೇ ಕ್ಲಾಸಿಗೆ ಆರ್ಡುಯಿನೋನೇ ಸಾಕು. ಕೇರಳದ ಕೈಟ್ ನಡೆಸುವ ಶಾಲಾ ಕ್ಲಬ್ಬು ಲಿಟಲ್ ಕೈಟ್ಸ್‌ನ ಮಕ್ಕಳಿಗೆ ಕೊಟ್ಟ ರೋಬೋಟಿಕ್ ಕಿಟ್ಟಿನಲ್ಲೂ ಅದೇ ಇದೆ.

ಇಂಡೆಂಟಿನಲ್ಲಿ ಏನು ಬರೆಯಬೇಕು

ಅಭಿವೃದ್ಧಿ ಮಂಡಳಿಯ ಹಣ, ಶಾಸಕರ ನಿಧಿ, ಯಾವುದೋ ಕಂಪನಿಯ ಸಿಎಸ್‌ಆರ್, ಯಂತ್ರ ಎಲ್ಲಿಂದಲಾದರೂ ಬರಲಿ. ಕೊಳ್ಳುವ ಕಾಗದದಲ್ಲಿ ಬ್ರ್ಯಾಂಡ್ ಬರೆಯಬೇಡಿ, ಕೆಲಸ ಬರೆಯಿರಿ. ನಾನು ಬರೆಸುವ ಸಾಲು ಹೀಗಿರುತ್ತದೆ: 'ಪ್ರಿಂಟರ್, ಸ್ಕ್ಯಾನರ್, ವೈಫೈ, ಧ್ವನಿ, ಪ್ರೊಜೆಕ್ಟರ್ ಎಲ್ಲವೂ ಬಾಸ್ ಅಥವಾ ಉಬುಂಟುವಿನ ಈಗಿನ ದೀರ್ಘಾವಧಿ ಆವೃತ್ತಿಯಲ್ಲಿ ನಡೆಯುವುದನ್ನು ಸರಬರಾಜುದಾರರು ಶಾಲೆಯಲ್ಲೇ ಮಾಡಿ ತೋರಿಸಬೇಕು. ತೋರಿಸಿದ ನಂತರವೇ ಬಿಲ್ ಪಾಸಾಗುತ್ತದೆ.' ಜೊತೆಗೆ ಒಂದು: 'ಲಿನಕ್ಸ್ ಹಾಕಿದ ಕಾರಣಕ್ಕೆ ವಾರಂಟಿ ನಿರಾಕರಿಸುವಂತಿಲ್ಲ.' ಈ ಎರಡನೇ ಸಾಲು ಬಿಟ್ಟು ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಹಾರ್ಡ್ ಡಿಸ್ಕ್ ಹೋಗಿತ್ತು. ಸರ್ವಿಸ್ ಸೆಂಟರಿನವರು 'ಮೊದಲು ವಿಂಡೋಸ್ ಹಾಕಿಕೊಂಡು ಬನ್ನಿ' ಅಂದರು. ಹೋದ ಡಿಸ್ಕಿಗೆ.

ಆಳಂದದ ಶಾಲೆಯ ಹಳೆ ಪ್ರಿಂಟರ್ ಗುಮಾಸ್ತರ ಕೋಣೆಯ ವಿಂಡೋಸ್ ಯಂತ್ರಕ್ಕೆ ಹೋಯಿತು. ಲ್ಯಾಬಿಗೆ ಬೇರೆ ತರಲು ಹೆಡ್‌ಮಾಸ್ತರರೂ ನಾನೂ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ಲ್ಯಾಪ್‌ಟಾಪ್ ತೆಗೆದು, ಪೆನ್‌ಡ್ರೈವಿನಿಂದ ಮಿಂಟ್ ಎಬ್ಬಿಸಿ, "ಇದರಾಗ ಪ್ರಿಂಟ್ ತೋರಿಸ್ರಿ" ಅಂದೆ. "ಹಿಂಗ ಯಾರೂ ಕೇಳಂಗಿಲ್ಲಲ್ರಿ" ಅಂದರು ಅಂಗಡಿಯವರು. ಆದರೂ ಡಬ್ಬಿ ಬಿಚ್ಚಿದರು. ಮೊದಲನೆಯದು ಮೌನ. ಎರಡನೆಯದು ಹಾಳೆ ಎಳೆದುಕೊಂಡು ಅರ್ಧಕ್ಕೆ ನಿಂತಿತು. ಮೂರನೆಯದು ವೈರ್ ಸಿಕ್ಕಿಸಿದ ನಿಮಿಷದೊಳಗೆ, ಗುಬ್ಬಿ ಫಾಂಟಿನಲ್ಲಿ ಶಾಲೆಯ ಹೆಸರನ್ನು ಹೊರಗೆ ಹಾಕಿತು. ಹೆಡ್‌ಮಾಸ್ತರರು ಆ ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡು, ಬಿಲ್ ಮಾಡಿ ಅಂದರು.